ಪೆಟ್ಟಿಗೆಯೊಳಗಿನ ಅಂಟು

ಮಾರ್ಚ್ 3

ಪ್ರೀತಿಯ ತಮ್ಮ,

ಈ ಕಾಗದಕ್ಕೆ ಕೂರುವ ಮುಂಚೆ ಮೂರು ಸಲ ಕೈ ತೊಳೆದಿದ್ದೇನೆ. ಆದರೂ ವಾಸನೆ ಹೋಗಿಲ್ಲ. ನಿನ್ನೆ ಬಸ್ಸಿನಲ್ಲಿ ಸೀಟಿನ ಮೇಲಿನ ಕಂಬಿಯ ಮೇಲೆ ನನ್ನ ಯುಕುಲೆಲೆಯ ಬಟ್ಟೆಚೀಲ ಇಟ್ಟಿದ್ದೆ. ಯಾರೋ ಪುಣ್ಯಾತ್ಮರು ಅದಕ್ಕೆ ಒತ್ತಿಕೊಂಡು ಮೀನಿನ ಬುಟ್ಟಿ ಇಟ್ಟಿದ್ದಾರೆ. ನಾಲ್ಕು ಗಂಟೆ ಪ್ರಯಾಣ. ಇಳಿಯುವಾಗ ಚೀಲದ ತಳದಿಂದ ತೊಟ್ಟಿಕ್ಕುತ್ತಿತ್ತು. ಹೋದ ವಾರ ಇದೇ ಚೀಲದ ಮೇಲೆ ಒಂದು ಮಗು ಹಾಲು ಕಕ್ಕಿತ್ತು. ಅದಕ್ಕೂ ಮುಂಚೆ ಕ್ಲಿನಿಕ್ಕಿನ ಗೋಡೆಗೆ ಒರಗಿಸಿಟ್ಟು ಬೂಷ್ಟು ಹತ್ತಿಸಿಕೊಂಡಿದ್ದೆ. ಈಗ ಅದನ್ನು ಎತ್ತಬೇಕಾದರೆ ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಎತ್ತುತ್ತೇನೆ.

ಮುಂದಿನ ತಿಂಗಳಿನಿಂದ ನನಗೆ ಆರು ಕ್ಲಿನಿಕ್ಕು. ಹುಟ್ಟಿದ ಮಕ್ಕಳಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ನೋಡುವುದು ಯಂತ್ರದ ಕೆಲಸ. ಆದರೆ ವರ್ಷ ತುಂಬಿದವು ಯಂತ್ರ ಕಂಡರೆ ಸೂರು ಹಾರಿಹೋಗುವಂತೆ ಅಳುತ್ತವೆ. ಆಗ ಯುಕುಲೆಲೆಯೇ ಗತಿ. ಗಿಟಾರಿನ ಮರಿಯಂತಿರುವ ಆ ನಾಲ್ಕು ತಂತಿಯ ವಾದ್ಯವನ್ನು ಬೆನ್ನ ಹಿಂದಿನಿಂದ ಮೆಲ್ಲಗೆ ಮೀಟಿದರೆ ಅಳು ನಿಲ್ಲುತ್ತದೆ, ತಲೆ ತಿರುಗುತ್ತದೆ. ತಲೆ ತಿರುಗಿತೆಂದರೆ ನನಗೆ ಅರ್ಧ ಉತ್ತರ ಸಿಕ್ಕಂತೆ.

ಹಾಗಾಗಿ ನನಗೊಂದು ಗಟ್ಟಿ ಪೆಟ್ಟಿಗೆ ಬೇಕು. ಪೆಟ್ಟಿಗೆಗಳನ್ನು ಎತ್ತಿ ಬಿಸಾಡಿ ಸಂಬಳ ತೆಗೆದುಕೊಳ್ಳುವ ತಮ್ಮ ಇರುವಾಗ ನಾನು ಇನ್ಯಾರನ್ನು ಕೇಳಲಿ? ನಿಮ್ಮ ಕಾರ್ಖಾನೆಯದೇ ಒಂದು ಆರಿಸಿ ಕಳಿಸು. ಫೋನಿನಲ್ಲಿ ನಿನ್ನ ‘ಹೂಂ, ಹೂಂ’ ಕೇಳಿ ಸಾಕಾಗಿದೆ. ಕಾಗದದಲ್ಲಿ ಸರಿಯಾಗಿ ಬರೆ.

ನಿನ್ನ ಅಕ್ಕ


ಮಾರ್ಚ್ 15

ಅಕ್ಕಾ,

ನಿನ್ನ ಕಾಗದವನ್ನು ಅಮ್ಮ ಎರಡು ಸಲ ಓದಿಸಿಕೊಂಡಳು. “ಅವಳ ಮೂಗು ಹುಟ್ಟಿದಾಗಿಂದ ಹಾಗೇನೇ. ತೊಟ್ಟಿಲ ಬಟ್ಟೆ ಒದ್ದೆ ಆಗೋಕೆ ಮುಂಚೆನೇ ಅಳೋಳು” ಎಂದು ನಕ್ಕಳು. ಅವಳ ಮಂಡಿನೋವು ಹಾಗೇ ಇದೆ.

ಪೆಟ್ಟಿಗೆಯ ವಿಷಯ. ಹೊರಗೆ ಗಟ್ಟಿ ಚಿಪ್ಪು ಇರಲಿ. ಒಳಗೆ ವಾದ್ಯ ಅಲುಗಾಡಬಾರದು. ಕತ್ತಿನ ಕೆಳಗೆ ಆನಿಕೆ ಬೇಕು, ತಂತಿ ಬಿಗಿಯುವ ತಲೆಭಾಗ ಮಾತ್ರ ಎಲ್ಲಿಗೂ ತಾಗಬಾರದು. ಬಿದ್ದಾಗ ಮುರಿಯುವುದು ಅಲ್ಲೇ. ಮುಚ್ಚಳ ಹಾಕಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು. ಒಳಗೆ ಕಟಕಟ ಎಂದರೆ ಬೇಡ. ಜಿಪ್ಪಿಗಿಂತ ಕೊಂಡಿ ಮೇಲು. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಇದ್ದರೆ ಮೀನಿನ ನೀರು ಒಳಗೆ ಹೋಗುವುದಿಲ್ಲ.

ನಮ್ಮ ಕಾರ್ಖಾನೆಯದು ಬೇಡ. ಭಾರ ಜಾಸ್ತಿ, ನಿನ್ನ ಭುಜ ನೋಯುತ್ತದೆ. ಪ್ಲೈವುಡ್ ಚಿಪ್ಪಿಗೆ ಒಳಗೆ ದಪ್ಪ ಬಟ್ಟೆ ಹೊದಿಸಿದ್ದು ಸಿಗುತ್ತದೆ. ಅದನ್ನೇ ತೆಗೆದುಕೋ.

ನನ್ನ ಕೆಲಸ ಎಂದಿನಂತೆ. ಎದೆಯೆತ್ತರದಿಂದ ಹನ್ನೆರಡು ಸಲ ಬೀಳಿಸುವುದು, ನೀರು ಚಿಮುಕಿಸುವುದು, ಕಾವುಪೆಟ್ಟಿಗೆಯಲ್ಲಿ ಬಿಸಿಗಿಡುವುದು, ಸೀಲು ಹಾಕುವುದು. ಬರೆಯುವಂಥದ್ದು ಏನೂ ಇಲ್ಲ.

ತಮ್ಮ


ಏಪ್ರಿಲ್ 2

ತಮ್ಮಾ,

ನಿನ್ನ ಕಾಗದ ಓದಿ ಬೇಜಾರಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಅಕ್ಕನಿಗೊಂದು ಪೆಟ್ಟಿಗೆ ಆರಿಸಿಕೊಡಲು ಕೈ ಬರಲಿಲ್ಲ, ಅದಕ್ಕೆ ಭುಜನೋವಿನ ನೆಪ. ಅಂಗಡಿಗೆ ಹೋಗಿ ಎರಡನ್ನೂ ಎತ್ತಿ ನೋಡಿದೆ. ನೀನು ಹೇಳಿದ ಪ್ಲೈವುಡ್ಡಿನದೇ ಭಾರ! ನಿಮ್ಮದು ಹೂವಿನ ಹಾಗಿದೆ. ಒಳಗೆ ಬೂದುಬಣ್ಣದ ಫೋಮು, ಯುಕುಲೆಲೆಯ ಆಕಾರಕ್ಕೇ ಕೊರೆದದ್ದು, ಹೊಸ ಹಾಸಿಗೆಯ ಹಾಗೆ ಮೆತ್ತಗೆ. ಅಂಗಡಿಯವರು “ಮೇಡಂ, ಇದರ ಮೇಲೆ ಲಾರಿ ಹತ್ತಿಸಿ ಬೇಕಾದ್ರೆ” ಎಂದರು. ಲಾರಿ ಸಿಗಲಿಲ್ಲ, ನಾನೇ ಹತ್ತಿ ನಿಂತೆ. ಏನೂ ಆಗಲಿಲ್ಲ.

ಮುಚ್ಚಳದ ಒಳಗೆ ದುಂಡನೆಯ ಹಸಿರು ಸೀಲು. ‘ಪರೀಕ್ಷಿಸಲಾಗಿದೆ’, ಅದರ ಕೆಳಗೆ 7. ಅದು ನಿನ್ನ ನಂಬರಲ್ಲವೇ? ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, “ಇದು ನನ್ನ ತಮ್ಮ” ಎಂದು ಅಂಗಡಿಯವರಿಗೆ ಆ ಸೀಲನ್ನೇ ತೋರಿಸಿದೆ. ಅವರು ಪಾಪ, ಸೀಲಿಗೆ ನಮಸ್ಕಾರ ಮಾಡಿದರು. ಕೋಪದಲ್ಲಿ ಹೋದವಳು ಅದನ್ನೇ ಕೊಂಡುಕೊಂಡು ಬಂದೆ.

ಇನ್ನೊಂದು ಕೇಳು. ಮಕ್ಕಳ ಕಿವಿ ಪರೀಕ್ಷಿಸುವ ನಮ್ಮ ಕಿವಿಯಂತ್ರಗಳಿಗೂ ಆಫೀಸಿನವರು ನಿಮ್ಮ ಕಾರ್ಖಾನೆಯ ಪೆಟ್ಟಿಗೆಗಳನ್ನೇ ತರಿಸಿದ್ದಾರೆ. ನನ್ನದು ಸೋಮವಾರ ಬಂತು. ಅದೇ ಬೂದು ಫೋಮು, ಅದೇ 7. ಈಗ ಬಸ್ಸಿನಲ್ಲಿ ನನ್ನ ಎರಡೂ ಕೈಯಲ್ಲಿ ನೀನೇ ಇರುತ್ತೀಯ.

ಕೋಪ ಇಳಿದಿರುವ,
ಅಕ್ಕ


ಏಪ್ರಿಲ್ 9

ಅಕ್ಕಾ,

ಯುಕುಲೆಲೆಯನ್ನು ಆ ಪೆಟ್ಟಿಗೆಯಲ್ಲಿ ಇಡಬೇಡ. ತೆಗೆದು ಒಂದು ಹತ್ತಿಬಟ್ಟೆಯಲ್ಲಿ ಸುತ್ತು. ಪೆಟ್ಟಿಗೆ ನನಗೆ ಕಳಿಸು, ಬೇರೆಯದು ಕೊಡಿಸುತ್ತೇನೆ. ಅಲ್ಲಿಯವರೆಗೆ ಬಿಸಿಲಿಗೆ ಇಡಬೇಡ.

ಅಮ್ಮ ಚೆನ್ನಾಗಿದ್ದಾಳೆ.

ತಮ್ಮ


ಮೇ 20

ತಮ್ಮಾ,

ಏಪ್ರಿಲ್‌ನಲ್ಲಿ ನೀನು ಬರೆದ ನಾಲ್ಕು ಸಾಲು ಓದಿ, ನಾನು ನಿನ್ನ ಮಾತು ಮೀರಿದ್ದಕ್ಕೆ ಮುನಿಸಿಕೊಂಡಿದ್ದೀಯ ಎಂದುಕೊಂಡು ಕಾಗದವನ್ನು ಪಕ್ಕಕ್ಕಿಟ್ಟೆ. ಮನೆಯಲ್ಲಿ ತಣ್ಣಗಿರುವಾಗ ಪೆಟ್ಟಿಗೆ ಚೆನ್ನಾಗಿಯೇ ಇತ್ತು.

ನಿನ್ನೆ ಏನಾಯಿತು ಕೇಳು. ಬಸ್ಸಿನಲ್ಲಿ ಕುಲುಮೆಯಂಥ ಸೆಕೆ. ಪೆಟ್ಟಿಗೆ ಕಿಟಕಿಯ ಬಿಸಿಲಿಗಿತ್ತು. ಕ್ಲಿನಿಕ್ಕಿಗೆ ಹೋಗಿ ಕೊಂಡಿ ಬಿಚ್ಚಿದರೆ ಮುಚ್ಚಳ ಏಳುತ್ತಿಲ್ಲ. ಜಗ್ಗಿದೆ. ಪಚಕ್ ಎಂದು ಬಿಟ್ಟುಕೊಂಡಿತು. ಮುಚ್ಚಳಕ್ಕೂ ತಳಕ್ಕೂ ನಡುವೆ ಕಪ್ಪು ಎಳೆಗಳು, ನೆಗಡಿಯಾದ ಮಗುವಿನ ಸಿಂಬಳದಂತೆ ಜೋತುಬಿದ್ದವು. ಆ ವಾಸನೆ! ಕೊಳೆತ ಮೊಟ್ಟೆಗೆ ಸುಟ್ಟ ರಬ್ಬರ್ ಬೆರೆಸಿ ಒದ್ದೆ ಸಾಕ್ಸಿನಲ್ಲಿ ಕಟ್ಟಿಟ್ಟ ಹಾಗೆ. ಮೀನಿನ ಬುಟ್ಟಿ ಇದರ ಮುಂದೆ ಅತ್ತರು. ನನ್ನ ಯುಕುಲೆಲೆ ಆ ಕೆಸರಿನಲ್ಲಿ ಅರ್ಧ ಮುಳುಗಿತ್ತು. ಎಳೆದರೆ ಪಾಲಿಶ್ ಚರ್ಮ ಸುಲಿದಂತೆ ಅಂಟಿನ ಜೊತೆ ಎದ್ದುಬಂತು. ತಂತಿ ಕಟ್ಟುವ ಪಟ್ಟಿಯೂ ಕಿತ್ತು ಬಂತು.

ಎದುರಿಗೆ ಒಂದೂವರೆ ವರ್ಷದ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ತಾಯಿ ಇದ್ದರು. ಮಗು ಆಟದ ಸಾಮಾನೆಂದು ಕೈ ಚಾಚಿತು. ಆಕೆ “ಛೀ, ಮುಟ್ಟಬೇಡ!” ಎಂದು ಮಗುವನ್ನು ಎಳೆದುಕೊಂಡು, ನನ್ನನ್ನು ಚರಂಡಿಯಿಂದ ಎದ್ದು ಬಂದವಳಂತೆ ನೋಡಿದರು. ಅವರ ತಪ್ಪೇನಿದೆ? ನನಗೇ ವಾಕರಿಕೆ ಬಂತು. ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈ ಇಟ್ಟೆ. ನೀರಿಗೆ ಹೋಗಲಿಲ್ಲ, ಸೋಪಿಗೆ ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದೆ. ಉಗುರಿನ ಸಂದಿಯಲ್ಲಿ ಈಗಲೂ ಇದೆ. ರಾತ್ರಿ ಎಡಗೈಯಲ್ಲಿ ಊಟ ಮಾಡಿದೆ.

ಇಷ್ಟೆಲ್ಲದರ ನಡುವೆ ಮುಚ್ಚಳದ ಒಳಗೆ ಒಂದೇ ಒಂದು ಜಾಗ ಚೊಕ್ಕವಾಗಿತ್ತು. ನಿನ್ನ ಸೀಲು.

ನಿನಗೆ ಗೊತ್ತಿತ್ತೇ? ಹೂಂ ಅಥವಾ ಊಹೂಂ.

ಅಕ್ಕ


ಮೇ 29

ಅಕ್ಕಾ,

ಹೂಂ.

ಕಾವುಪೆಟ್ಟಿಗೆಯಲ್ಲಿ ಅರವತ್ತು ಡಿಗ್ರಿಗೆ ಐದು ದಿನ ಇಡಬೇಕು ಎನ್ನುವುದು ನಿಯಮ. ಜನವರಿಯಲ್ಲಿ ಹೊಸ ಫೋಮಿನ ಹಾಳೆ ಬಂತು. ಮೂರನೇ ದಿನಕ್ಕೆ ಕುಸಿದು ಅಂಟಾಯಿತು. ನಾನು ‘ಫೇಲ್’ ಎಂದು ಬರೆದೆ. ನಮ್ಮ ಮ್ಯಾನೇಜರ್ ಬಂದರು. ಅವರನ್ನು ನಾವು ಬೆನ್ನ ಹಿಂದೆ ಗುಂಡುಸೂಜಿ ಎನ್ನುತ್ತೇವೆ: ಸಣ್ಣ ತಲೆ, ಚುಚ್ಚುವ ಮಾತು. “ಅರವತ್ತು ಡಿಗ್ರೀಲಿ ಯಾರಪ್ಪ ಗಿಟಾರ್ ಬಾರಿಸ್ತಾರೆ? ನಲವತ್ತಕ್ಕೆ ಇಡು” ಎಂದರು. ನಲವತ್ತಕ್ಕೆ ಇಟ್ಟೆ. ಏನೂ ಆಗಲಿಲ್ಲ. ಪುಸ್ತಕದಲ್ಲಿ ಅರವತ್ತು ಎಂದೇ ಬರೆಸಿದರು. ಸೀಲು ಹಾಕಿದೆ. ಮೊದಲನೆಯದಕ್ಕೆ ಸೀಲನ್ನು ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಆಮೇಲಿನವಕ್ಕೆ ಇಲ್ಲ.

ನಿನ್ನ ಯುಕುಲೆಲೆ ಹಾಳಾದದ್ದಕ್ಕೆ ನನಗೆ ನಾಚಿಕೆಯಿದೆ. ಆದರೆ ಅಕ್ಕಾ, ನಮ್ಮದು ಬೇಡ ಎಂದು ನಿನಗೆ ಮೊದಲೇ ಬರೆದಿದ್ದೆ. ಕೊಂಡ ಮೇಲೂ ತೆಗೆದಿಡು ಎಂದು ಬರೆದೆ. ಅದಕ್ಕಿಂತ ಇನ್ನೇನು ಮಾಡಲಿ?

ತಮ್ಮ


ಜೂನ್ 5

ನನಗೆ ಬರೆದೆ. ನಿಜ. ಉಳಿದವರಿಗೆ?

ನಿನ್ನ ಕಾಗದ ಓದಿ ಮುಗಿಸಿ ಎದ್ದು ಕಿವಿಯಂತ್ರದ ಪೆಟ್ಟಿಗೆ ತೆಗೆದೆ. ಅದರ ಫೋಮು ಪೂರ್ತಿ ಕುಸಿದಿರಲಿಲ್ಲ. ಮೇಲ್ಗಡೆ ಮಾತ್ರ ಬೆವರಿದಂತೆ ಜಿಗುಟಾಗಿತ್ತು. ದಿನಾ ಮುಟ್ಟುತ್ತಿದ್ದೆ, ದಿನಾ ಕೈ ಒರೆಸಿಕೊಳ್ಳುತ್ತಿದ್ದೆ, ನನ್ನ ಬೆವರೇ ಎಂದುಕೊಂಡಿದ್ದೆ. ಮಗುವಿನ ಕಿವಿಯೊಳಗೆ ಇಡುವ ತುದಿಯಲ್ಲಿ ಸಾಸಿವೆಗಿಂತ ಸಣ್ಣ ರಂಧ್ರಗಳಿವೆ. ಸದ್ದು ಹೋಗುವುದು, ಬರುವುದು ಅಲ್ಲಿಂದಲೇ. ತುದಿಯ ರಬ್ಬರೂ ಕಪ್ಪು, ನಿನ್ನ ಅಂಟೂ ಕಪ್ಪು. ಭೂತಗನ್ನಡಿ ಹಿಡಿದರೆ ಒಂದು ರಂಧ್ರ ಅರ್ಧ ಮುಚ್ಚಿತ್ತು. ಸೂಜಿಯಲ್ಲಿ ಕೆದಕಿದೆ. ಎಳೆ ಬಂತು.

ಏಪ್ರಿಲ್ ಕೊನೆಯಿಂದ ಈಚೆಗೆ ನಾನು ಹನ್ನೊಂದು ಶಿಶುಗಳ ಚೀಟಿಯಲ್ಲಿ ‘ಕೇಳಿಸುತ್ತಿಲ್ಲ’ ಎಂದು ಬರೆದಿದ್ದೇನೆ. ಎರಡೆರಡು ಸಲ ನೋಡಿಯೇ ಬರೆದೆ. ಎರಡು ಸಲವೂ ಅದೇ ತುದಿ. ದೊಡ್ಡಾಸ್ಪತ್ರೆಯಲ್ಲಿ ಮತ್ತೊಮ್ಮೆ ನೋಡಬೇಕೆಂದರೆ ಮೂರು ತಿಂಗಳು ಕಾಯಬೇಕು. ಸಂಖ್ಯೆ ಏಕೆ ಹೆಚ್ಚಿತು ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಬಗ್ಗೆಯೂ ನನಗೆ ಹೇಸಿಗೆಯಾಗುತ್ತಿದೆ.

ಆ ಹನ್ನೊಂದರಲ್ಲಿ ಒಬ್ಬಳ ತಾಯಿ ಹೊಲಿಗೆ ಕೆಲಸದವರು. ಹೋದ ವಾರ ಮಗುವಿನ ತೂಕ ನೋಡಿಸಲು ಬಂದಿದ್ದರು. ಮಗುವನ್ನು ಎತ್ತಿಕೊಂಡು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದರು. “ಮಾತಾಡ್ಸಿ, ಮುದ್ದು ಮಾಡಿ” ಎಂದೆ. “ಕೇಳ್ಸದೇ ಇರೋ ಮಗೂಗೆ ಏನಂತ ಮಾತಾಡ್ಲಿ ಮೇಡಂ? ಮಾತಾಡಿದ್ರೆ ಅಳು ಬರತ್ತೆ. ಅದಕ್ಕೇ ಸುಮ್ನಿರ್ತೀನಿ” ಎಂದರು.

ಯಂತ್ರಕ್ಕೂ ಅದೇ ಪೆಟ್ಟಿಗೆ ಬಂದಿದೆ ಎಂದು ನಾನು ಏಪ್ರಿಲ್ ಎರಡರಂದೇ ನಿನಗೆ ಬರೆದಿದ್ದೆ. ನಿನ್ನ ಉತ್ತರ ಈಗ ಮತ್ತೆ ತೆಗೆದು ನೋಡಿದೆ. ಯುಕುಲೆಲೆ ಸುತ್ತಲು ಹತ್ತಿಬಟ್ಟೆ ಹೇಳಿದ್ದೀಯ. ಯಂತ್ರದ ಬಗ್ಗೆ ಒಂದು ಅಕ್ಷರ ಇಲ್ಲ. ಓದಿದ್ದೆ ತಾನೇ?


ಜೂನ್ 19

ಎರಡು ವಾರವಾಯಿತು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಮ್ಮ ಎತ್ತಿ “ಅವನು ಕೆಲಸಕ್ಕೆ ಹೋಗಿದಾನೆ ಕಣೇ” ಎಂದಳು. ಅವಳಿಗೆ ನಾನು ಏನೂ ಹೇಳಿಲ್ಲ. ಅದು ನಿನ್ನ ಬಾಯಿಂದಲೇ ಬರಲಿ.

ಇಲ್ಲಿ ನಾನು ಎಲ್ಲರಿಗೂ ಬರೆದಿದ್ದೇನೆ. ಆಫೀಸಿನವರು “ಒಂದು ಯಂತ್ರ ಕೊಳೆಯಾದರೆ ಅದು ಇಟ್ಟುಕೊಂಡವರ ತಪ್ಪು” ಎಂದು ಉತ್ತರಿಸಿದ್ದಾರೆ. ಸೀಲು ಇದೆಯಲ್ಲ, ಪರೀಕ್ಷೆಯಾಗಿದೆಯಲ್ಲ, ಎನ್ನುತ್ತಾರೆ. ನನ್ನ ಯಂತ್ರವನ್ನೂ ಬೀಗ ಹಾಕಿಟ್ಟಿದ್ದಾರೆ, ಆ ಮಕ್ಕಳನ್ನು ನಾನೇ ಮತ್ತೆ ನೋಡುವಂತಿಲ್ಲ. ಆ ಪೆಟ್ಟಿಗೆಗಳು ಯಾವ ಯಾವ ಕ್ಲಿನಿಕ್ಕಿಗೆ ಹೋಗಿವೆ ಎಂಬ ಪಟ್ಟಿ ನನಗೆ ಬೇಕು. ಕ್ಷಮೆ, ನಾಚಿಕೆ, ಅಮ್ಮನ ಮಂಡಿ, ಯಾವುದೂ ಬೇಡ. ಪಟ್ಟಿ ಕಳಿಸು.


ಜೂನ್ 28

ಅಕ್ಕಾ,

ಪಟ್ಟಿ ಇದರ ಜೊತೆಗಿದೆ. ನಲವತ್ತೊಂದು ಕ್ಲಿನಿಕ್ಕು.

ಏಪ್ರಿಲ್‌ನಲ್ಲಿ ಓದಿದ್ದೆ. ಕಿವಿಯಂತ್ರದ ಸಾಲನ್ನು ಎರಡೆರಡು ಸಲ ಓದಿದೆ. ಯಂತ್ರದ ಬಗ್ಗೆ ಬರೆದರೆ ನೀನು ಆಫೀಸಿಗೆ ಹೇಳುತ್ತೀಯ, ಆಫೀಸಿನವರು ಇಲ್ಲಿಗೆ ಹೇಳುತ್ತಾರೆ, ಏಳನೇ ನಂಬರು ಯಾರು ಎಂದು ಕೇಳುತ್ತಾರೆ. ಯಂತ್ರ ಗಟ್ಟಿಯಾದದ್ದು, ಏನಾಗುತ್ತದೆ ಬಿಡು, ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕೇ ಆ ಕಾಗದ ನಾಲ್ಕೇ ಸಾಲು.

ಕಳೆದ ಗುರುವಾರ ಆಸ್ಪತ್ರೆಗಳಿಗೆ ಸಾಮಾನು ಕೊಳ್ಳುವ ಇಲಾಖೆಯ ತಪಾಸಣೆ ಇತ್ತು. ಅದು ಮೊದಲೇ ಗೊತ್ತಿತ್ತು. ಅದಕ್ಕಾಗಿ ಕಾದೆ. ಸೋಮವಾರವೇ ಹೊಸ ಪೆಟ್ಟಿಗೆಯೊಂದನ್ನು ಅರವತ್ತು ಡಿಗ್ರಿಗೆ ಇಟ್ಟು ಕಾವುಪೆಟ್ಟಿಗೆಗೆ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡೆ. ಬಂದ ಅಧಿಕಾರಿ ಐವತ್ತರ ಹೆಂಗಸು, ಚುರುಕು. ಗುಂಡುಸೂಜಿ ಅವರನ್ನು ಕರೆತಂದು ಬೀಳಿಸುವ ಪರೀಕ್ಷೆ ತೋರಿಸಿ ಹೊರಡಿಸುವುದರಲ್ಲಿದ್ದರು. ನಾನು “ಮೇಡಂ, ಇದನ್ನೂ ನೋಡ್ಬಿಡಿ” ಎಂದು ಬಾಗಿಲು ತೆಗೆದೆ. ವಾಸನೆಗೆ ಆಕೆ ಎರಡು ಹೆಜ್ಜೆ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಳ ಎತ್ತಿದೆ. ಎಳೆ ಜೋತುಬಿತ್ತು.

ಗುಂಡುಸೂಜಿ ನಕ್ಕು, “ಅದು ಹಳೇ ಸ್ಯಾಂಪಲ್ ಮೇಡಂ, ಬಿಸಾಡೋಕೆ ಇಟ್ಟಿದ್ದು” ಎಂದರು.

“ಹಳೇದಲ್ಲ. ಹೋದ ಶನಿವಾರ ಬಂದ ಹಾಳೆ. ನಾನೇ ಇಟ್ಟಿದ್ದು” ಎಂದೆ.

ಆಕೆ ಸೀಲು ನೋಡಿದರು. “ಈ ಏಳು ಯಾರು?”

“ನಾನೇ.”

“ಗೊತ್ತಿದ್ದೂ ಹಾಕಿದ್ರಾ?”

“ಗೊತ್ತಿದ್ದೂ ಹಾಕಿದೆ. ಜನವರಿಯಿಂದ.”

ಆಕೆ ಅಂಟನ್ನು ನೋಡಿದ ಮುಖದಲ್ಲೇ ನನ್ನನ್ನು ನೋಡಿದರು. ಸೀಲು ಕೊಡಿ ಎಂದರು. ಚಾಚಿದೆ. ಕೈಯಿಂದ ಮುಟ್ಟಲಿಲ್ಲ, ಕಾಗದದ ಲಕೋಟೆ ಬಾಯಿ ತೆರೆದು ಹಿಡಿದರು. ಅದರೊಳಗೆ ಹಾಕಿದೆ. ಪರೀಕ್ಷೆಯ ಪುಸ್ತಕವನ್ನೂ ತೆಗೆದುಕೊಂಡು ಹೋದರು. ಮಧ್ಯಾಹ್ನದೊಳಗೆ ನನ್ನನ್ನು ಗೇಟಿನ ಹೊರಗೆ ಬಿಟ್ಟರು. ಗುಂಡುಸೂಜಿಯೂ ಈಗ ಕಾರ್ಖಾನೆಯಲ್ಲಿಲ್ಲ ಎಂದು ಕೇಳಿದೆ. ವಿಚಾರಣೆ ಇಬ್ಬರಿಗೂ ಇದೆ.

ಅಮ್ಮನಿಗೆ ಹೇಳಿದೆ, ಮಕ್ಕಳ ವಿಷಯವನ್ನೂ. ಅವಳು ಬಡಿಸುತ್ತಿದ್ದವಳು ಸೌಟು ಇಟ್ಟಳು. “ಕೈ ತೊಳ್ಕೊಂಡು ಬಾ” ಎಂದಳು. ತೊಳೆದು ಬಂದು ಕುಳಿತೆ. ನನ್ನ ಕೈ ನೋಡಿ, “ಇನ್ನೊಂದ್ಸಲ ತೊಳ್ಕೊಂಡು ಬಾ” ಎಂದಳು.

ತಮ್ಮ


ಆಗಸ್ಟ್ 2

ತಮ್ಮಾ,

ನಿನ್ನ ಪಟ್ಟಿ ಕೆಲಸಕ್ಕೆ ಬಂತು. ಇಲಾಖೆಯವರು ನಲವತ್ತೊಂದು ಕಡೆಯ ಯಂತ್ರಗಳನ್ನೂ ತೆಗೆಸಿ ತೊಳೆಸಿ, ‘ಕೇಳಿಸುತ್ತಿಲ್ಲ’ ಎಂದು ಬರೆದ ಮಕ್ಕಳನ್ನೆಲ್ಲ ವಾಪಸು ಕರೆಸುತ್ತಿದ್ದಾರೆ. ನಾನು ನನ್ನ ಹನ್ನೊಂದರಲ್ಲಿ ಹತ್ತು ಮಕ್ಕಳನ್ನು ಮತ್ತೆ ನೋಡಿದೆ. ಎಂಟಕ್ಕೆ ಚೆನ್ನಾಗಿ ಕೇಳಿಸುತ್ತದೆ. ಎರಡಕ್ಕೆ ನಿಜವಾಗಿಯೂ ಇಲ್ಲ. ಅವಕ್ಕೆ ಕಿವಿಗೆ ಹಾಕುವ ಶ್ರವಣಸಾಧನ ಬರುತ್ತದೆ.

ಯುಕುಲೆಲೆಯನ್ನು ಮರಗೆಲಸದವರೊಬ್ಬರು ಹೆರೆದು, ಪಟ್ಟಿ ಅಂಟಿಸಿ ಕೊಟ್ಟರು. ಬೋಳುಬೋಳಾಗಿದೆ, ದನಿ ಪರವಾಗಿಲ್ಲ. ಪ್ಲೈವುಡ್ಡಿನ ಪೆಟ್ಟಿಗೆಯನ್ನೇ ಕೊಂಡೆ. ಅಂಗಡಿಯಲ್ಲಿ ಒಂದೊಂದು ಪೆಟ್ಟಿಗೆಯೊಳಗೂ ತಲೆ ತೂರಿಸಿ ಮೂಸಿದೆ. ಒಳಗಿನ ಬಟ್ಟೆಯನ್ನು ಉಗುರಲ್ಲಿ ಎತ್ತಿ ಅದರ ಕೆಳಗೇನಿದೆ ನೋಡಿದೆ. ಮೂರು ದಿನ ಮನೆಯ ತಾರಸಿಯ ಬಿಸಿಲಲ್ಲಿ ಖಾಲಿ ಇಟ್ಟು ಆಮೇಲೆ ವಾದ್ಯ ಇಟ್ಟೆ. ಭಾರವೇ. ಭುಜ ನೋಯುತ್ತದೆ.

ಹೊಲಿಗೆಯವರ ಮಗುವಿನ ವಿಷಯ ಬರೆಯಲೇಬೇಕು. ಯಂತ್ರದಲ್ಲಿ ಸರಿಯಾಗಿ ಬಂತು. ನಂಬಿಕೆಯಾಗಲಿ ಎಂದು ಹಿಂದಿನಿಂದ ಒಂದು ತಂತಿ ಮೀಟಿದೆ. ಹಾಲು ಕುಡಿಯುತ್ತಿದ್ದ ಮಗು ಚೀಪುವುದನ್ನು ನಿಲ್ಲಿಸಿತು. ಮತ್ತೆ ಮೀಟಿದೆ, ಮತ್ತೆ ನಿಲ್ಲಿಸಿತು. ತಾಯಿಗೆ ಖುಷಿಯಾಗುತ್ತದೆ, ಅಳುತ್ತಾರೆ, ನನ್ನ ಕೈ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಆಕೆ ಮಗುವನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ದಿಟ್ಟಿಸಿದರು. “ಎರಡು ತಿಂಗ್ಳು ನಾನು ಇದರ ಹತ್ರ ಒಂದು ಮಾತೂ ಆಡಿಲ್ಲ. ಅಷ್ಟೂ ದಿನ ಇದು ಕಾಯ್ತಾ ಇತ್ತಲ್ಲ. ಅದನ್ನ ಯಾರು ವಾಪಸ್ ಕೊಡ್ತೀರ?” ಎಂದರು. ಚೀಟಿ ಕೂಡ ತೆಗೆದುಕೊಳ್ಳದೆ ಎದ್ದು ಹೋದರು.

ನೀನು ಕೊನೆಗೆ ಮಾಡಿದ್ದು ಸರಿ. ಅಷ್ಟಕ್ಕೆ ನನ್ನ ಹೇಸಿಗೆ ಹೋಗುವುದಿಲ್ಲ. ನಿನ್ನ ಕಾಗದ ಬಂದರೆ ಈಗಲೂ ಮೊದಲು ತುದಿ ಹಿಡಿದು ಬಿಡಿಸುತ್ತೇನೆ. ಅದು ಯಾವಾಗ ಹೋಗುತ್ತದೋ ನನಗೂ ಗೊತ್ತಿಲ್ಲ.

ಹನ್ನೊಂದನೆಯ ಮಗು ಸಿಕ್ಕಿಲ್ಲ. ತಂದೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಮನೆ ಬದಲಿಸಿ ನಿನ್ನೂರಿನ ಕಡೆಗೇ ಹೋದರಂತೆ. ವಿಳಾಸವಿಲ್ಲ. ನನಗೆ ರಜೆಯಿಲ್ಲ, ನಿನಗೆ ಕೆಲಸವಿಲ್ಲ. ಹುಡುಕು.

ಅಕ್ಕ


ಆಗಸ್ಟ್ 23

ಅಕ್ಕಾ,

ಸಿಕ್ಕರು. ಊರಿನ ಲಾಂಡ್ರಿಗಳನ್ನೆಲ್ಲ ಒಂದು ಕಡೆಯಿಂದ ಕೇಳುತ್ತಾ ಹೋದೆ. ಹದಿನೇಳು ದಿನ ಹಿಡಿಯಿತು. ಬಸ್ ಡಿಪೋದ ಹಿಂದಿನ ಲಾಂಡ್ರಿಗೆ ಅಂಟಿಕೊಂಡ ಒಂದೇ ಕೋಣೆ, ಗೋಡೆಯೆಲ್ಲ ಹಬೆಗೆ ಒದ್ದೆ. ತಾಯಿ ಒಳಗಿದ್ದರು. ತಂದೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

ಕ್ಲಿನಿಕ್ಕಿನವರು ಕಳಿಸಿದ್ದಾರೆ ಎಂದಷ್ಟೇ ಹೇಳಿ ಕರೆದುಕೊಂಡು ಬರಬಹುದಿತ್ತು. ದಾರಿಯುದ್ದಕ್ಕೂ ಹಾಗೇ ಹೇಳೋಣ ಎಂದುಕೊಂಡೇ ಹೋದೆ. ಅವರ ಮುಖ ನೋಡಿದ ಮೇಲೆ ಆಗಲಿಲ್ಲ. ಎಲ್ಲ ಹೇಳಿದೆ. ಕಾವುಪೆಟ್ಟಿಗೆ, ಸೀಲು, ನಿನ್ನ ಏಪ್ರಿಲ್ ಕಾಗದ, ನನ್ನ ನಾಲ್ಕು ಸಾಲು. ಮುಗಿದ ಮೇಲೆ ಅವರು ನನ್ನ ಕಾಲ ಹತ್ತಿರ ಉಗಿದರು. “ನನ್ನ ಹೆಂಡ್ತಿ ತನ್ನ ಹೊಟ್ಟೇಲೇ ದೋಷ ಇದೆ ಅಂತ ಮೂರು ತಿಂಗ್ಳಿಂದ ಸರಿಯಾಗಿ ಉಂಡಿಲ್ಲ ಕಣಯ್ಯಾ” ಎಂದು ಬಾಗಿಲು ರಪ್ಪೆಂದು ಹಾಕಿದರು. ಒಳಗೆ ಮಗು ಕಿಟಾರನೆ ಕಿರುಚಿತು. ಬಾಗಿಲಿನ ಸದ್ದಿಗೋ, ಗೋಡೆ ಅದುರಿದ್ದಕ್ಕೋ ಗೊತ್ತಿಲ್ಲ. ಕೇಳಿಸುತ್ತದೆ ಎಂದು ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಪರೀಕ್ಷೆಯಾಗದೆ ಹೇಳುವ ಹಕ್ಕು ನನಗಿಲ್ಲ.

ಲಾಂಡ್ರಿಯ ಎದುರಿನ ಕಟ್ಟೆಯ ಮೇಲೆ ಕುಳಿತೆ. ಸುಮಾರು ಎರಡು ಗಂಟೆಯಾದ ಮೇಲೆ ತಾಯಿ ಹೊರಗೆ ಬಂದರು. ನನ್ನ ಮುಖ ನೋಡದೆ, “ಯಾವತ್ತು ಬರ್ಬೇಕು?” ಎಂದರು. ದಿನ ಹೇಳಿದೆ. ದಾರಿ ಗೊತ್ತಿಲ್ಲವಂತೆ, ನಾನೇ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂರಬಾರದು, ಮಗುವನ್ನು ಮುಟ್ಟಬಾರದು ಎಂದರು. ಆಗಲಿ ಎಂದೆ. ಮಗುವಿನ ಬಟ್ಟೆಯ ಚೀಲ ಹೊತ್ತುಕೊಳ್ಳಬಹುದಂತೆ.

ಗುರುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇವೆ.

ತಮ್ಮ